ಆಟದ ಆ್ಯಪ್‌ಗೆ ಲೋಗೋ: ಕ್ಯಾನ್ವಾ, ಎಐ, ಕೋರೆಲ್, ಇಂಕ್‌ಸ್ಕೇಪ್

ಇವತ್ತು ರಾತ್ರಿ ಹತ್ತಿರದಲ್ಲಿ ಎಲ್ಲಿ ಯಕ್ಷಗಾನ ಉಂಟು ಅಂತ ಹೇಳುವ ಸಣ್ಣ ಆ್ಯಪ್ ಒಂದನ್ನು ಬರೆಯುತ್ತಿದ್ದೇನೆ. ಹೆಸರು ‘ಆಟ ಎಲ್ಲಿ’. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ದುಡ್ಡಿನ ವ್ಯವಹಾರ ಅಲ್ಲ, ಸುಮ್ನೆ ಉಡುಪಿ, ಮಂಗಳೂರು ಕಡೆಯ ಆಟದ ಹುಚ್ಚಿನವರಿಗೆ. ಕೋಡ್ ಒಂದು ಹಂತಕ್ಕೆ ಬಂದ ಮೇಲೆ ಲೋಗೋ ಬೇಕಾಯಿತು. ನಾಲ್ಕು ದಾರಿ ಹಿಡಿದು ನೋಡಿದೆ.

ಎಲ್ಲದಕ್ಕೂ ಪರೀಕ್ಷೆ ಎರಡೇ. ಫೋನಿನ ಪರದೆಯಲ್ಲಿ ಉಗುರಿನಷ್ಟಾದಾಗಲೂ ಗುರುತು ಸಿಗಬೇಕು. ರೇಡಿಯಂ ಅಂಗಡಿಯವರು ಒಂದೇ ಬಣ್ಣದಲ್ಲಿ ಕತ್ತರಿಸಿ ಸ್ಕೂಟರಿಗೆ ಅಂಟಿಸುವ ಹಾಗೂ ಇರಬೇಕು. ಎರಡನೆಯದು ತಮಾಷೆ ಅನಿಸಬಹುದು. ಆದರೆ ಅವರ ಕಟಿಂಗ್ ಮೆಷಿನ್ ಗೆರೆಯ ಮೇಲೆ ಮಾತ್ರ ಓಡುತ್ತದೆ. ನೆರಳು, ಗ್ರೇಡಿಯಂಟ್ ಅದರ ಹತ್ತಿರ ನಡೆಯುವುದಿಲ್ಲ. ಆಂಡ್ರಾಯ್ಡ್ 13ರಲ್ಲಿ ಬಂದ, ವಾಲ್‌ಪೇಪರಿನ ಬಣ್ಣಕ್ಕೆ ಹೊಂದಿಕೊಳ್ಳುವ ಥೀಮ್ ಐಕಾನ್‌ಗೂ ಒಂದೇ ಬಣ್ಣದ ಆಕೃತಿಯೇ ಬೇಕು, ಅಲ್ವಾ?

ಮೊದಲು ಕ್ಯಾನ್ವಾ, ರೆಡಿಮೇಡ್ ಚಿತ್ರ, ಅಕ್ಷರ ಜೋಡಿಸುವ ಆನ್‌ಲೈನ್ ಆ್ಯಪ್. ಬೇಗ ಆಗುತ್ತದೆ, ಕಲಿಯುವುದು ಏನೂ ಇಲ್ಲ. ಆದರೆ ಹಿನ್ನೆಲೆ ಇಲ್ಲದ ಪಿಎನ್‌ಜಿ, ಎಸ್‌ವಿಜಿ (ಚಿತ್ರವನ್ನು ಗೆರೆಗಳಾಗಿ ಇಡುವ ಫೈಲ್) ಎರಡೂ ದುಡ್ಡು ಕೊಡುವ ಪ್ಲಾನ್‌ನಲ್ಲಿವೆ. ಅಲ್ಲಿನ ರೆಡಿಮೇಡ್ ಚಿತ್ರ ಹಾಕಿದ ಲೋಗೋವನ್ನು ಟ್ರೇಡ್‌ಮಾರ್ಕ್ ಮಾಡಿಸಲೂ ಬರುವುದಿಲ್ಲ. ನನಗೆ ಟ್ರೇಡ್‌ಮಾರ್ಕ್ ಬೇಡ. ಆದರೂ ನನ್ನ ಐಕಾನೇ ಇನ್ನೊಬ್ಬರ ಕ್ಯಾಟರಿಂಗ್ ಬೋರ್ಡಿನಲ್ಲಿ ಕಂಡರೆ ಚೆನ್ನಾಗಿರುವುದಿಲ್ಲ.

ಎಐ ಚಿತ್ರದ ಆ್ಯಪ್ ಒಂದಕ್ಕೆ ಯಕ್ಷಗಾನದ ವೇಷ ಬೇಕು ಅಂದೆ. ಬಂದ ಮುಖ ಅರ್ಧ ಕಥಕ್ಕಳಿ. ಯಕ್ಷಗಾನದಲ್ಲಿ ತೆಂಕು, ಬಡಗು ಅಂತ ಎರಡು ತಿಟ್ಟು, ಅಂದರೆ ಶೈಲಿ. ಈ ಕಿರೀಟ ತೆಂಕೂ ಅಲ್ಲ, ಬಡಗೂ ಅಲ್ಲ. ನೋಡಲು ಮಾತ್ರ ಭಾರೀ ಚಂದ! ಹೆಸರನ್ನು ಕನ್ನಡದಲ್ಲಿ ಬರೆಯಲು ಹೇಳಿದಾಗ ‘ಎಲ್ಲಿ’ಯ ಒತ್ತಕ್ಷರ ಕೆಳಗೆ ಎಲ್ಲೋ ಒಂದು ಸುರುಳಿಯಾಗಿ ಬಿದ್ದಿತ್ತು. ಆ ವೇಷದ ಪಿಎನ್‌ಜಿಯನ್ನೇ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನ ‘ಟ್ರೇಸ್ ಬಿಟ್‌ಮ್ಯಾಪ್’ಗೆ ಹಾಕಿ ಗೆರೆ ಮಾಡಿಸಿದೆ. ಅಂಚಿನ ತುಂಬಾ ಇರುವೆ ಸಾಲಿನ ಹಾಗೆ ಬಿಂದುಗಳು. ಅದನ್ನು ರೇಡಿಯಂನವರಿಗೆ ಕೊಡುವ ಧೈರ್ಯ ಆಗಲಿಲ್ಲ. ಏನು ಬೇಡ ಅಂತ ಗೊತ್ತಾಗಲು ಎಐ ಒಳ್ಳೆಯದು. ಕೊನೆಯ ಫೈಲಿಗೆ ಅಲ್ಲ.

ಮೂರನೆಯದು ಮದುವೆ ಕಾಗದ, ಬ್ಯಾನರ್ ಮಾಡುವ ಪ್ರಿಂಟಿಂಗ್ ಅಂಗಡಿ. ಅಲ್ಲಿ ಕೆಲಸ ಎಲ್ಲ ಕೋರೆಲ್‌ಡ್ರಾದಲ್ಲಿ. ಕಿರೀಟ ಅಂದ ಕೂಡಲೇ ಡಿಸೈನರ್ ಕೇಳಿದರು, “ತೆಂಕಿನದ್ದಾ ಬಡಗಿನದ್ದಾ ಮಾರಾಯ್ರೆ?” ಎಐಗೆ ಹೊಳೆಯದ ಪ್ರಶ್ನೆ ಇದೇ. ಒಂದನ್ನು ಹಾಕಿದರೆ ಇನ್ನೊಂದು ಕಡೆಯವರು ಸುಮ್ಮನಿರುವುದಿಲ್ಲ. ಹಾಗಾಗಿ ಕಿರೀಟ ಬಿಟ್ಟು ‘ಆ’ ಅಕ್ಷರ, ಅದರ ಮೇಲೆ ಚೆಂಡೆಯ ಎರಡು ಕೋಲು ಅಂತ ತೀರ್ಮಾನ ಆಯಿತು. ಚೆಂಡೆ ಎರಡೂ ತಿಟ್ಟಿಗೆ ಬೇಕು.

ಆದರೆ ಅವರ ಕೈ ಬ್ಯಾನರಿಗೆ ಪಳಗಿದ್ದು. ‘ಆ’ಗೆ ಚಿನ್ನದ ಬಣ್ಣ, ಹಿಂದೆ ಕಿರಣ, ಕೆಳಗೆ ನೆರಳು ಎಲ್ಲ ಬಂತು. ಫೈಲ್ ಕೇಳಿದರೆ ವಾಟ್ಸ್ಆ್ಯಪ್‌ನಲ್ಲಿ ಜೆಪಿಜಿ ಬಂತು. ಕೋರೆಲ್‌ನಿಂದ ಎಸ್‌ವಿಜಿ ತೆಗೆಯಬಹುದು. ಅದನ್ನೇ ಕೊಡಿ ಅಂತ ಮೊದಲೇ ಹೇಳಿಡುವುದು ಒಳ್ಳೆಯದು.

ಉಳಿದದ್ದು ಇಂಕ್‌ಸ್ಕೇಪ್. 2003ರಿಂದ ಇರುವ ಉಚಿತ ಸಾಫ್ಟ್‌ವೇರ್, ಫೈಲ್ ನೇರ ಎಸ್‌ವಿಜಿಯಲ್ಲೇ ಉಳಿಯುತ್ತದೆ. ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಮೊದಲು ‘ನೋಟೋ ಸಾನ್ಸ್ ಕನ್ನಡ’ ಫಾಂಟ್‌ನಲ್ಲಿ ‘ಆ’ ಇಟ್ಟೆ. ದೊಡ್ಡದಾಗಿ ಚೆನ್ನಾಗಿತ್ತು, ಸಣ್ಣದಾದಾಗ ಗೆರೆ ಕರಗಿತು. ‘ಬಾಲೂ ತಮ್ಮ’ ಎಂಬ ಫಾಂಟ್ ದಪ್ಪ, ದುಂಡಗೆ. ಅದರ ಲೈಸೆನ್ಸ್ ಪ್ರಕಾರ ಲೋಗೋಗೆ ಬಳಸಲು ತೊಂದರೆ ಇಲ್ಲ. ‘ಆಬ್ಜೆಕ್ಟ್ ಟು ಪಾತ್’ ಕೊಟ್ಟರೆ ಅಕ್ಷರ ಬರೀ ಗೆರೆಯಾಗುತ್ತದೆ. ಆಮೇಲೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ.

ನಿಜವಾದ ಕೆಲಸ ಇರುವುದು ಇಲ್ಲಿಂದ ಮುಂದೆ. ‘ಐಕಾನ್ ಪ್ರಿವ್ಯೂ’ ತೆರೆದಿಟ್ಟರೆ 16ರಿಂದ 128 ಪಿಕ್ಸೆಲ್ ತನಕ ಬೇರೆ ಬೇರೆ ಅಳತೆಯಲ್ಲಿ ಒಟ್ಟಿಗೆ ಕಾಣುತ್ತದೆ. 48ರಲ್ಲಿ ‘ಆ’ದ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತಿತ್ತು. ಬಿಂದುಗಳನ್ನು ಹಿಡಿದು ಒಂದೊಂದು ಕೂದಲೆಳೆ ಹೊರಗೆ ಎಳೆದೆ. ದೊಡ್ಡದಾಗಿ ನೋಡಿದರೆ ಅಕ್ಷರ ಈಗ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಕಾಣಲಿ, ಯಾರೂ ಅದನ್ನು ಅಷ್ಟು ದೊಡ್ಡದಾಗಿ ನೋಡುವುದಿಲ್ಲ. ಒಂದೊಂದು ಫೋನ್ ಐಕಾನಿನ ಅಂಚನ್ನು ಒಂದೊಂದು ಆಕಾರಕ್ಕೆ ಕತ್ತರಿಸುತ್ತದೆ. ಆಂಡ್ರಾಯ್ಡ್ ಐಕಾನಿನ 108 ಡಿಪಿ (ಪರದೆಯ ಅಳತೆಯ ಲೆಕ್ಕ) ಚೌಕದಲ್ಲಿ ನಡುವಿನ 66 ಡಿಪಿ ವೃತ್ತ ಮಾತ್ರ ಎಲ್ಲ ಫೋನಿನಲ್ಲೂ ಕತ್ತರಿಯಿಂದ ತಪ್ಪಿಸಿಕೊಳ್ಳುತ್ತದೆ. ಕೋಲುಗಳ ತುದಿ ಅದರ ಹೊರಗೆ ಹೋಗಿತ್ತು, ಗಿಡ್ಡ ಮಾಡಿದೆ.

ಇದನ್ನು ಪ್ರಿಂಟ್ ಹಾಕಿಸಲು ಅದೇ ಅಂಗಡಿಗೆ ಹೋದಾಗ ಡಿಸೈನರ್ ಒಂದೇ ಸಲ ನೋಡಿ, “ಬಲಗಡೆ ಕೊಂಡಿ ಸಪೂರ ಆಯ್ತು, ದಪ್ಪ ಮಾಡಿ” ಅಂದರು. ಹೌದು, ಸಪೂರವೇ. ನಿತ್ಯ ಕನ್ನಡ ಅಕ್ಷರ ಜೋಡಿಸುವವರ ಕಣ್ಣು ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ. ನನ್ನ ಲೆಕ್ಕದಲ್ಲಿ ಗೆರೆ ಇಂಕ್‌ಸ್ಕೇಪ್‌ನದ್ದು, ತಿದ್ದುವುದು ಅಂಗಡಿಯವರು. ಈ ಜೋಡಿಗೆ ಉಳಿದ ಎರಡೂ ಹತ್ತಿರ ಬರುವುದಿಲ್ಲ.

ರೇಡಿಯಂ ಮೆಷಿನ್ ತಕರಾರಿಲ್ಲದೆ ಕತ್ತರಿಸಿತು. 16 ಪಿಕ್ಸೆಲ್‌ನಲ್ಲಿ ಮಾತ್ರ ಕೋಲು ಉಳಿಯಲಿಲ್ಲ. ಅದಕ್ಕೆ ಬರೀ ‘ಆ’ ಇರುವ ಬೇರೆ ಫೈಲ್ ಮಾಡಿದೆ. ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಬೇಕಾದ 1280×640ರ ಪ್ರಿವ್ಯೂ ಚಿತ್ರವನ್ನು, ಈ ‘ಆ’ವನ್ನೇ ಹಾಕಿ, ಕ್ಯಾನ್ವಾದಲ್ಲಿ ಮುಗಿಸಿದೆ. ಅಂಥ ಕೆಲಸಕ್ಕೆ ಅದು ಬೇಕಾದಷ್ಟಾಯಿತು.