ಪ್ಯಾಡ್, ಡಿಸ್ಕ್, ಹೋಸ್, ಫ್ಲೂಯಿಡ್: ಬ್ರೇಕಿಗೆ ಸುರಿದ ದುಡ್ಡಲ್ಲಿ ಯಾವುದು ದಂಡ, ಯಾವುದು ದಕ್ಕಿತು?

ಉದ್ದನೆಯ ಇಳಿಜಾರಿನ ಕೊನೆಯಲ್ಲಿ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಕಾರು ನಿಂತಿತು ನಿಜ, ಆದರೆ ನಾನು ಅಂದುಕೊಂಡ ಜಾಗದಲ್ಲಿ ಅಲ್ಲ. ಹತ್ತು ನಿಮಿಷ ಬಿಟ್ಟು ಒತ್ತಿದರೆ ಏನೂ ಆಗಿಲ್ಲದ ಹಾಗೆ ಗಟ್ಟಿ! ದಿನಾ ಓಡಿಸುವ ಕಾರು, ಸುಮ್ನೆ ಬಿಡೋಕೆ ಆಗುತ್ತಾ? ಒಂದೊಂದಾಗಿ ಬದಲಿಸುತ್ತಾ ಹೋದೆ. ತಪ್ಪು ತುದಿಯಿಂದ ಶುರು ಮಾಡಿದೆ ಅಂತ ಆಮೇಲೆ ಗೊತ್ತಾಯಿತು.

ಮೊದಲು ತಂದಿದ್ದು ತೂತು ಕೊರೆದ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ. ಅಲಾಯ್ ಚಕ್ರದ ಸಂದಿಯಲ್ಲಿ ನೋಡಲು ಚೆನ್ನಾಗಿರುತ್ತೆ, ಅದಕ್ಕೇ ತಂದೆ, ಸುಳ್ಳು ಯಾಕೆ ಹೇಳಲಿ. ಸಾದಾ ಡಿಸ್ಕಿಗಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಹಿಡಿತ ಸಿಗಲಿಲ್ಲ. ತೂತು ಇದ್ದಷ್ಟೂ ಬಿಸಿ ಹೀರುವ ಲೋಹ ಕಡಿಮೆ ಅಲ್ವಾ? ಅದೇ ಇಳಿಜಾರಲ್ಲಿ ಪೆಡಲ್ ಮತ್ತೆ ಮೆತ್ತಗಾಯಿತು. ಕೆಲವು ತಿಂಗಳಲ್ಲಿ ಒಂದು ತೂತಿನ ಅಂಚಿಂದ ಕೂದಲೆಳೆಯಂಥ ಬಿರುಕು ಕಂಡಿತು. ತೆಗೆದು ಸಾದಾ ಡಿಸ್ಕ್ ಹಾಕಿದೆ.

ನಿಜವಾದ ಕಳ್ಳ ಫ್ಲೂಯಿಡ್, ಪೆಡಲ್ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಕಾದು ಸೋತರೆ ಪೆಡಲ್ ಗಟ್ಟಿಯಾಗೇ ಇರುತ್ತೆ, ಕಾರು ಮಾತ್ರ ನಿಲ್ಲಲ್ಲ. ಪೆಡಲ್ಲೇ ಮೆತ್ತಗಾದರೆ ಒಳಗೆ ಫ್ಲೂಯಿಡ್ ಕುದಿಯುತ್ತಿದೆ ಅಂತ ಲೆಕ್ಕ. ನನಗೆ ಆಗಿದ್ದು ಎರಡನೆಯದು. ಬ್ಲೀಡ್ ಮಾಡಿದಾಗ, ಅಂದರೆ ಹಳೇ ಫ್ಲೂಯಿಡ್ ಹೊರಗೆ ಬಿಟ್ಟಾಗ, ಪೈಪಿನಲ್ಲಿ ಬಂದಿದ್ದು ಕೊಚ್ಚೆ ಬಣ್ಣದ ನೀರು. ಕೊಳ್ಳುವಾಗ ಹೊನ್ನಿನ ಬಣ್ಣ ಇರುತ್ತೆ ಇದು! ಫ್ಲೂಯಿಡ್ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ ಇದು 230 ಮತ್ತು 155. ಹೊಸ ಡಾಟ್ 4 ತುಂಬಿಸಿ ಅದೇ ಇಳಿಜಾರು ಇಳಿದೆ, ಪೆಡಲ್ ಕದಲಲಿಲ್ಲ. ಎಲ್ಲದಕ್ಕಿಂತ ಅಗ್ಗದ ಕೆಲಸ ಇದೇ. ಡಾಟ್ 5 ಮಾತ್ರ ಮುಟ್ಟಬೇಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಯಲ್ಲ.

ಚಕ್ರ ಬಿಚ್ಚಿದಾಗ ಇನ್ನೊಂದು ಕಂಡಿತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಒಂದೇ ಕ್ಯಾಲಿಪರ್‌ನಲ್ಲಿ ಒಳಗಿನ ಪ್ಯಾಡ್ 3 ಮಿಲಿಮೀಟರ್ ಉಳಿದಿದೆ, ಹೊರಗಿನದು 7! ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಅರ್ಧ ಬ್ರೇಕೇ ಕೆಲಸ ಮಾಡುತ್ತಿತ್ತು. ಉಜ್ಜಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತೆ, ಎಚ್ಚರ.

ಇನ್ನು ಪ್ಯಾಡ್. ಸೆಮಿ ಮೆಟಾಲಿಕ್ ಮತ್ತು ಸೆರಾಮಿಕ್, ಎರಡನ್ನೂ ಓಡಿಸಿದೆ. ಸೆಮಿ ಮೆಟಾಲಿಕ್ ಕಾಲಿಟ್ಟ ಕೂಡಲೇ ಕಚ್ಚುತ್ತೆ, ಬಿಸಿಗೂ ಜಗ್ಗಲ್ಲ. ಆದರೆ ವಾರದಲ್ಲಿ ರಿಮ್ ಮೇಲೆ ಬೆರಳಾಡಿಸಿದರೆ ಕಾಡಿಗೆ. ಬೆಳಿಗ್ಗೆ ಮೊದಲ ಎರಡು ಸಲ ಕಿರ್ ಅನ್ನುತ್ತೆ, ಪಕ್ಕದ ಮನೆಯವರು ಎದ್ದೇಳುವಷ್ಟು. ಸೆರಾಮಿಕ್ ಶಾಂತ, ರಿಮ್ಮೂ ಸ್ವಚ್ಛ, ಆದರೆ ನನ್ನ ಸೆಟ್ಟಿನಲ್ಲಿ ಪೆಡಲನ್ನು ಇನ್ನಷ್ಟು ಒತ್ತಬೇಕು. ಊರೊಳಗೇ ಓಡಾಡುವವರಿಗೆ ಅದೇ ಸಾಕು. ನನಗೆ ಇಳಿಜಾರು ಇದೆ, ಸೆಮಿ ಮೆಟಾಲಿಕ್‌ಗೆ ವಾಪಸ್ ಬಂದೆ. ಹೊಸ ಪ್ಯಾಡ್ ಹಾಕಿದ ದಿನ ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಿಂದ ಹತ್ತಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ನಾನು ಮೊದಲ ಸೆಟ್ಟಿಗೆ ಇದನ್ನು ಮಾಡಲಿಲ್ಲ, ಸ್ಟೀರಿಂಗ್ ಗಡಗಡ ನಡುಗುತ್ತಿತ್ತು.

ಫ್ಲೂಯಿಡ್ ಸಾಗಿಸುವ, ಸ್ಟೀಲ್ ಹೆಣೆದ ಹೋಸ್? ಪೆಡಲ್ ಸ್ವಲ್ಪ ಬಿಗಿಯಾಯಿತು, ಅಷ್ಟೇ. ಹಳೇ ರಬ್ಬರ್ ಹೋಸ್ ಉಬ್ಬಿದ್ದರೆ, ಬಿರಿದಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ದೊಡ್ಡ ಕ್ಯಾಲಿಪರ್ ಕಿಟ್ ಆಸೆಯೂ ಬಂದಿತ್ತು. ಖಾಲಿ ರಸ್ತೆಯಲ್ಲಿ ಒಂದು ಸಲ ಪೂರ್ತಿ ತುಳಿದೆ. ಚಕ್ರ ಕಟ್ಟಿಹೋಗದಂತೆ ತಡೆಯುವ ಎಬಿಎಸ್ ಟಕಟಕ ಅಂತ ಪಾದಕ್ಕೆ ಬಡಿಯಿತು. ಅಂದರೆ ಚಕ್ರ ಕಟ್ಟಿಹಾಕುವ ಶಕ್ತಿ ಇರುವ ಬ್ರೇಕಿಗೇ ಇದೆ, ಜಾರುತ್ತಿರುವುದು ಟೈರು. ಕಿಟ್ಟಿನ ದುಡ್ಡಲ್ಲಿ ನಾಲ್ಕು ಒಳ್ಳೆ ಟೈರ್ ಬಂತು, ಒದ್ದೆ ರಸ್ತೆಯಲ್ಲಿ ಕಾರು ಈಗ ಬೇಗ ನಿಲ್ಲುತ್ತೆ. ಬಿರುಕು ಬಿಟ್ಟ ಆ ತೂತಿನ ಡಿಸ್ಕ್ ಇನ್ನೂ ಶೆಡ್ಡಿನ ಗೋಡೆಗೆ ಒರಗಿಕೊಂಡಿದೆ. ಅಲ್ಲೂ ನೋಡಲು ಚೆನ್ನಾಗೇ ಇದೆ.