ಶಿರಾಡಿಯಲ್ಲಿ ಕೆಟ್ಟು ನಿಂತ ಲಾರಿ ಮತ್ತು ಸಕಲೇಶಪುರದ ಒಂದು ರಿಕವರಿ ಸೇವೆ

ಕಳೆದ ಜುಲೈನಲ್ಲಿ ಸಿಮೆಂಟ್ ಹೇರಿಕೊಂಡು ಮಂಗಳೂರಿಗೆ ಹೊರಟಿದ್ದ ನಮ್ಮ ಹತ್ತು ಚಕ್ರದ ಲಾರಿ, ಮಾರನಹಳ್ಳಿ ದಾಟಿದ ಮೇಲೆ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಎಂಜಿನ್ ಕೆಟ್ಟು ನಿಂತಿತು. ನಾನು ಹಾಸನದಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಳೆಯ ಜೊತೆಗೆ ಮಂಜೂ ಇಳಿದಿತ್ತು. ಈ ವರ್ಗದ ಲಾರಿಗೆ ಸರಕೂ ಸೇರಿ 28.5 ಟನ್ ತೂಕದ ಮಿತಿಯಿದ್ದು, ನಮ್ಮದು ಹೆಚ್ಚುಕಡಿಮೆ ಅಷ್ಟೇ ಭಾರವಿತ್ತು.

ಕೆಟ್ಟ ಗಾಡಿ ಎಳೆದೊಯ್ಯುವ ರಿಕವರಿಯವರಲ್ಲಿ ಮೊದಲು ಬಂದವರು ಕಡಿಮೆ ಬಾಡಿಗೆ ಹೇಳಿ, ಸರಪಳಿ ಬಿಗಿದು ಘಾಟಿಯ ಕೆಳಗಿನ ಗುಂಡ್ಯಕ್ಕೆ ಇಳಿಸಿಕೊಡುತ್ತೇವೆ ಎಂದರು. ಎಂಜಿನ್ ನಿಂತರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಗಾಳಿ ಇಳಿದಾಗ ಸ್ಪ್ರಿಂಗಿನ ಬಲದಿಂದ ಹಿಂಚಕ್ರಗಳು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಅವರು ಬೋಲ್ಟ್ ತಿರುಗಿಸಿ ಆ ಹಿಡಿತವನ್ನೇ ಬಿಡಿಸಲು ಹೊರಟಿದ್ದರು, ಅಂದರೆ ಬ್ರೇಕೇ ಇಲ್ಲದ ಲಾರಿಯನ್ನು ಸರಪಳಿಯ ಹಿಂದೆ ಇಳಿಸುವ ಲೆಕ್ಕ. ಎರಡು ವಾಹನಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದೆಂಬ ನಿಯಮವನ್ನು ಪಾಲಿಸಿದರೂ, ಇಳಿಜಾರಿನಲ್ಲಿ ಹಿಂದಿನದು ಮುಂದಿನದಕ್ಕೆ ಹೋಗಿ ಗುದ್ದುವುದನ್ನು ಸರಪಳಿ ತಡೆಯುವುದಿಲ್ಲ. ಅವರನ್ನು ಕಳಿಸಿಬಿಟ್ಟೆ.

ಸಕಲೇಶಪುರದಿಂದ ಬಂದ ಎರಡನೆಯ ತಂಡ 22 ಸಾವಿರ ಕೇಳಿತು. ಹಣ ಹೆಚ್ಚೆನಿಸಿದರೂ ಅವರ ಕೆಲಸದ ಕ್ರಮ ನೋಡಿದ ಮೇಲೆ ನಾನು ಚೌಕಾಸಿಗೆ ಇಳಿಯಲಿಲ್ಲ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟ ಬಳಿಕ ಮೊದಲು ಬಿಚ್ಚಿದ್ದು ಗೇರ್‌ಬಾಕ್ಸನ್ನು ಹಿಂಚಕ್ರಗಳಿಗೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್. ಅದನ್ನು ಬಿಚ್ಚದೆ ಎಳೆದರೆ ಚಕ್ರದ ಜೊತೆ ಗೇರ್‌ಬಾಕ್ಸೂ ತಿರುಗಿ, ಎಂಜಿನ್ ನಿಂತಿರುವುದರಿಂದ ಆಯಿಲ್ ಓಡದೆ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ನಂತರ ಲಾರಿಯ ಮುಂಭಾಗವನ್ನು ಎತ್ತಿ ತಮ್ಮ ವಾಹನಕ್ಕೆ ಕಟ್ಟಿ, ತಮ್ಮ ಟ್ಯಾಂಕಿನಿಂದ ಗಾಳಿಯ ಪೈಪು ಎಳೆದು, ರಿಕವರಿ ಚಾಲಕ ಪೆಡಲ್ ಒತ್ತಿದರೆ ನಮ್ಮ ಹಿಂಚಕ್ರಗಳೂ ಹಿಡಿಯುವಂತೆ ಜೋಡಿಸಿದರು. ಕಾಕ್ ತಿರುಗಿಸಿದಾಗ ಉಸ್ಸೆಂದು ಬ್ರೇಕು ಬಿಟ್ಟ ಸದ್ದು ಮಳೆಯಲ್ಲೂ ಕೇಳಿಸಿತು. ಇಪ್ಪತ್ತು ಅಡಿ ಎಳೆದು ನಿಲ್ಲಿಸಿ, ಹುಡುಗನೊಬ್ಬ ಕೆಸರಿನಲ್ಲಿ ಮಂಡಿಯೂರಿ ಟಾರ್ಚ್ ಹಿಡಿದು ನಾಲ್ಕೂ ಕಡೆ ಬ್ರೇಕು ಹಿಡಿಯುವುದನ್ನು ನೋಡಿಕೊಂಡ ಮೇಲೆಯೇ ಹೊರಟದ್ದು. ನಾನು ಹಣ ಕೊಟ್ಟದ್ದು ಎಳೆದದ್ದಕ್ಕಿಂತ ಹೆಚ್ಚಾಗಿ ಹೀಗೆ ತಡೆದು ಹಿಡಿದದ್ದಕ್ಕೆ.

ಹಿಂದೆ ಅಷ್ಟು ಭಾರ ತೂಗಿದಾಗ ಎಳೆಯುವ ವಾಹನದ ಮುಂಚಕ್ರಗಳು ಹಗುರವಾಗಿ, ಒದ್ದೆ ರಸ್ತೆಯಲ್ಲಿ ಸ್ಟೇರಿಂಗ್ ಮಾತು ಕೇಳದಂತಾಗುತ್ತದೆ. ಚಾಲಕರು ಆರಂಭದಿಂದಲೇ ಎರಡನೇ ಗೇರಿನಲ್ಲಿದ್ದು, ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ಮೇಲೆಯೇ ಇಳಿಸುತ್ತ, ತಿರುವಿಗೆ ಮೊದಲೇ ವೇಗ ತಗ್ಗಿಸಿಕೊಂಡರು. ತಿರುವಿನ ಒಳಗೆ ಬ್ರೇಕು ಹಿಡಿದದ್ದನ್ನು ನಾನು ಕಾಣಲಿಲ್ಲ. ನಮ್ಮ ಕ್ಯಾಬಿನ್ನಿನಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನ್ ಹೊಡೆದರೂ ಗಂಟೆಗೆ 20 ಕಿ.ಮೀ. ದಾಟಲಿಲ್ಲ.

ದೂರುಗಳೂ ಇವೆ. ನಮ್ಮ ಲಾರಿಯ ಹಿಂಬದಿಗೆ ದೀಪದ ಪಟ್ಟಿ ಕಟ್ಟದೆ ಕೆಂಪು ಬಟ್ಟೆಯೊಂದನ್ನು ಇಳಿಬಿಟ್ಟಿದ್ದರು. ಆ ಮಂಜಿನಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲವಾದ್ದರಿಂದ ನಾನೇ ಕಾರಿನ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಗುಂಡ್ಯದವರೆಗೆ ಹಿಂದೆ ಬಂದೆ. ಬಿಚ್ಚಿದ ಶಾಫ್ಟಿನ ಎರಡು ನಟ್ಟುಗಳು ಅವರು ಕೊಟ್ಟ ಚೀಲದಲ್ಲಿ ಇರಲಿಲ್ಲ. ರಸೀದಿಯೆಂದು ಕೊಟ್ಟದ್ದು ಬಿಳಿ ಹಾಳೆಯ ಮೇಲಿನ ಒಂದು ಸಾಲು. ಮತ್ತೆ ಘಾಟಿಯಲ್ಲಿ ಗಾಡಿ ನಿಂತರೆ ಇವರನ್ನೇ ಕರೆಯುತ್ತೇನೆ. ದೀಪದ ಪಟ್ಟಿಯನ್ನು ಮಾತ್ರ ಈಗ ನಾವೇ ಕೊಂಡು ಕ್ಯಾಬಿನ್ನಿನಲ್ಲಿ ಇಟ್ಟಿದ್ದೇವೆ.