ದಿನ ತುಂಬದ ಮಗುವಿಗೆ ಸಣ್ಣ ಮಿಷನ್ ಆಸ್ಪತ್ರೆ ಸಾಕಾ? ನಮ್ಮ 23 ದಿನ

ನಾವು ಕುಮಟಾ ಕಡೆಯ ಹಳ್ಳಿಯವರು. ಹೋದ ಮಳೆಗಾಲದಲ್ಲಿ ಹೆಂಡತಿಗೆ 33ನೇ ವಾರಕ್ಕೇ ನೋವು ಶುರುವಾಯಿತು. ಎಲ್ಲರೂ ಮಣಿಪಾಲ ಅಂದರು. ನಮ್ಮ ಜಿಲ್ಲೆಯಲ್ಲಿ ಏನೇ ಆದರೂ ಮೊದಲು ಬಾಯಿಗೆ ಬರುವ ಹೆಸರೇ ಅದು ಅಲ್ವಾ, ಆದರೆ ಆ ಮಳೆಯಲ್ಲಿ ಹತ್ತಿರ ಸಿಕ್ಕಿದ್ದು ಸಿಸ್ಟರ್‌ಗಳು ನಡೆಸುವ ಸಣ್ಣ ಮಿಷನ್ ಆಸ್ಪತ್ರೆ. ಒಂದು ದೂರೂ ಇರುವುದರಿಂದ ಹೆಸರು ಬರೆಯುವುದಿಲ್ಲ.

ಡಾಕ್ಟರ್ ಮೊದಲೇ ಹೇಳಿಬಿಟ್ಟರು: ಇಲ್ಲಿ ವೆಂಟಿಲೇಟರ್ ಇಲ್ಲ, ಉಸಿರಾಟಕ್ಕೆ ಕಷ್ಟವಾದರೆ ಕಳಿಸಲೇಬೇಕು. ಇನ್ನೂ ಬೇಗ ಹುಟ್ಟುವ ಹಾಗಿದ್ದರೆ ಮಗು ಹೊಟ್ಟೆಯಲ್ಲಿರುವಾಗಲೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆವು ಅಂದರು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಮರುದಿನ ರಾತ್ರಿ ಮಗಳು ಹುಟ್ಟಿದಳು. 1 ಕೆಜಿ 640 ಗ್ರಾಂ. ತಾನಾಗಿಯೇ ಅತ್ತಳು.

"ಶರ್ಟ್ ಬಿಚ್ಚಿ ಕೂತ್ಕೊಳ್ಳಿ" ಅಂದರು ಸಿಸ್ಟರ್. ಹೇಳಿದ್ದು ನನಗೆ! ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಮೈಮೇಲೆ ಏನೂ ಇಲ್ಲದ ಮಗುವನ್ನು ನನ್ನ ಎದೆಗೆ ಅಂಟಿಸಿ, ಮೇಲೆ ಪಂಚೆ ಸುತ್ತಿ ಕಟ್ಟಿದರು. ಕಾಂಗರೂ ಆರೈಕೆ ಅಂತಾರೆ. ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ 1970ರ ದಶಕದ ಕೊನೆಗೆ ಶುರುವಾದದ್ದಂತೆ. ದಿನಕ್ಕೆ ಕನಿಷ್ಠ 8 ಗಂಟೆ ಬೇಕು, ಹಾಗಾಗಿ ಹೆಂಡತಿಗೆ ಹಗಲು, ನನಗೆ ರಾತ್ರಿ ಪಾಳಿ. ಒಂದು ರಾತ್ರಿ ಗಾಳಿಗೆ ಕರೆಂಟ್ ಹೋಗಿ ಜನರೇಟರ್ ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕತ್ತಲೆಯಲ್ಲಿ ನನಗೇ ಕೈಕಾಲು ನಡುಗಿತು, ಅವಳು ಮಾತ್ರ ಬೆಚ್ಚಗೆ ನಿದ್ದೆ.

ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಸಾಧಿಸಲು ಮಗುವಿಗೆ ಸುಮಾರು 34 ವಾರ ಆಗಬೇಕು. ಅಲ್ಲಿವರೆಗೆ ಎರಡು ಗಂಟೆಗೊಮ್ಮೆ ಎದೆಹಾಲು ಹಿಂಡಿ ನಳಿಕೆಯಲ್ಲಿ. ಆಮೇಲೆ ಸಿಸ್ಟರ್ ಕೈಯಲ್ಲಿ ಸ್ಟೀಲಿನ ಒಳಲೆ ಬಂತು! ನಮ್ಮಮ್ಮನ ಮುಖ ನೋಡಬೇಕಿತ್ತು, "ನಿಂಗೂ ಇದ್ರಲ್ಲೇ ಕುಡಿಸಿದ್ದು" ಅಂತ ವಾರ್ಡಿಗೆಲ್ಲ ಹೇಳಿಕೊಂಡು ಬಂದರು. ಆದರೆ ಅವರ ಜೇನುತುಪ್ಪ, ಲೋಬಾನದ ಹೊಗೆ ಎರಡಕ್ಕೂ ಖಡಾಖಂಡಿತ ಬೇಡ. ಮೊದಲ ವಾರ ತೂಕ ಇಳಿದಾಗ ನಾವು ಕಂಗಾಲು, ಇಂಥ ಮಕ್ಕಳಿಗೆ ಅದು ಮಾಮೂಲು ಅಂತ ಮೂರು ಸಲ ಬಿಡಿಸಿ ಹೇಳಿದರು. 1 ಕೆಜಿ 920 ಗ್ರಾಂ ಆದಾಗ ಮನೆಗೆ ಬಂದೆವು.

ಕ್ಯಾಂಟೀನ್ ಏಳಕ್ಕೇ ಬಂದ್. ಹೊರಗಿನ ಬೆಂಚಲ್ಲಿ ಮಲಗುವವರು ಸೊಳ್ಳೆಬತ್ತಿ ಒಯ್ಯಿರಿ.

ದೂರು ಇದು. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ಮಾತೇ ಇರಲಿಲ್ಲ. 34 ವಾರಕ್ಕೆ ಮೊದಲು ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣಿನ ರೆಟಿನಾವನ್ನು ಹುಟ್ಟಿ 30 ದಿನದೊಳಗೆ ನೋಡಿಸಬೇಕು, ತಡವಾದರೆ ದೃಷ್ಟಿಯೇ ಹೋಗಬಹುದು. ನಮಗೆ ಹೇಳಿದ್ದು ನರ್ಸ್ ಆಗಿರುವ ಅತ್ತೆ ಮಗಳು, ಅದೂ ಫೋನಲ್ಲಿ ಮಾತಿನ ಮಧ್ಯೆ. 28ನೇ ದಿನ ಓಡಿದೆವು. ಕಣ್ಣು ಸರಿಯಿದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಕಣ್ಣಿನ ವಿಷಯಕ್ಕೆ, ಕ್ಯಾಂಟೀನಿಗಲ್ಲ.